ಎನ್ನೆಸ್ಸೆಸ್ ಟಿಪ್ಪಣಿ: ಶಿಬಿರದಲ್ಲಿ ಮೇಷ್ಟ್ರ ಕೆಲಸ ಯಾವುದು?

ಶಿಬಿರ ನಡೆಸುವ ಮೇಷ್ಟ್ರ, ಅಂದರೆ ಕಾರ್ಯಕ್ರಮಾಧಿಕಾರಿಯ, ಪಾತ್ರಗಳೇನು ಎಂಬ ಪರೀಕ್ಷೆಯ ಪ್ರಶ್ನೆಗೆ ಉತ್ತರ ಬರೆಯುವವರಿಗೆ ಈ ಟಿಪ್ಪಣಿ. ವಿದ್ಯಾರ್ಥಿಗಳನ್ನು ಸಮಾಜಸೇವೆಗೆ ತೊಡಗಿಸುವ ರಾಷ್ಟ್ರೀಯ ಸೇವಾ ಯೋಜನೆ (ಎನ್ನೆಸ್ಸೆಸ್) ಶುರುವಾದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧಿ ಜನ್ಮಶತಮಾನೋತ್ಸವದ ವರ್ಷದಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ. ಇಷ್ಟು ಎಲ್ಲರಿಗೂ ಗೊತ್ತು.

ಗಂಟೆಗಳ ಲೆಕ್ಕ: ನಿತ್ಯದ ಚಟುವಟಿಕೆ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240. ಏಳು ದಿನದ ವಿಶೇಷ ಶಿಬಿರ ಇದರೊಳಗೆ ಬರುವುದಿಲ್ಲ, ಅದು ಬೇರೆ. ಪ್ರಮಾಣಪತ್ರಕ್ಕೆ ಎರಡೂ ಬೇಕು.

ಇನ್ನು ಕಾರ್ಯಕ್ರಮಾಧಿಕಾರಿ. ಕಾಲೇಜಿನ ಎನ್ನೆಸ್ಸೆಸ್ ಘಟಕ ನಡೆಸುವ ಈ ಅಧ್ಯಾಪಕರಿಗೆ ಯೋಜನೆಯ ಕೈಪಿಡಿ ಆರು ಪಾತ್ರ ಕೊಡುತ್ತದೆ: ಸಂಘಟಕ, ಶಿಕ್ಷಕ, ಸಮನ್ವಯಕಾರ, ಮೇಲ್ವಿಚಾರಕ, ಆಡಳಿತಗಾರ, ಸಾರ್ವಜನಿಕ ಸಂಪರ್ಕ ನೋಡಿಕೊಳ್ಳುವವರು. ಹಾಜರಿ ಪುಸ್ತಕ, ಖರ್ಚಿನ ವೋಚರ್, ಪಂಚಾಯಿತಿಗೆ ಪತ್ರ, ವರದಿ ಎಂದು ಉಳಿದ ಐದಕ್ಕೂ ಕಾಗದದ ಗುರುತು ಇರುತ್ತದೆ. ‘ಶಿಕ್ಷಕ’ಕ್ಕೆ ಇರುವುದಿಲ್ಲ. ಪಠ್ಯವಿಲ್ಲ, ಬೋರ್ಡಿಲ್ಲ, ಕೈಯಲ್ಲಿ ಗುದ್ದಲಿ. ಹಾಗಾದರೆ ಕಲಿಸುವುದು ಏನನ್ನು? ನಾನು ಬಹಳ ಹೊತ್ತು ನಿಂತದ್ದು ಇಲ್ಲೇ.

ದಾರಿ ತೋರಿಸಿದ್ದು ಅಮೆರಿಕದ ಶಿಕ್ಷಣ ಚಿಂತಕ ಡೇವಿಡ್ ಕೋಲ್ಬ್ 1984ರಲ್ಲಿ ವಿವರಿಸಿದ ಕಲಿಕೆಯ ಚಕ್ರ: ಅನುಭವ, ಅವಲೋಕನ, ಪರಿಕಲ್ಪನೆ, ಪ್ರಯೋಗ. ಒಂದು ಊರಿನ ಚರಂಡಿಗೆ ಹಚ್ಚಿ ನೋಡಿ. ಬೆಳಿಗ್ಗೆ ಹೂಳೆತ್ತಿದರು, ಅದು ಅನುಭವ. ಸಂಜೆ ಸುತ್ತ ಕೂತಾಗ ಮೇಷ್ಟ್ರು ಕೇಳುತ್ತಾರೆ: ನೀರು ಎಲ್ಲೆಲ್ಲಿ ನಿಂತಿತ್ತು? ಯಾರು ಕೈಜೋಡಿಸಿದರು, ಯಾರು ಜಗಲಿಯಿಂದ ನೋಡುತ್ತಿದ್ದರು? ಇದು ಅವಲೋಕನ. ಮನೆಮನೆಗೆ ನಲ್ಲಿ ಬಂತು, ಬಚ್ಚಲ ನೀರು ಹೋಗಲು ಜಾಗವಿಲ್ಲ, ಹೂಳು ಮತ್ತೆ ತುಂಬುತ್ತದೆ ಎಂದು ಹುಡುಗರೇ ಜೋಡಿಸಿಕೊಂಡರೆ ಪರಿಕಲ್ಪನೆ. ಮರುದಿನ ಒಂದು ಮನೆಯವರನ್ನು ಒಪ್ಪಿಸಿ ಇಂಗುಗುಂಡಿ ತೋಡಿದರೆ ಪ್ರಯೋಗ.

ಶಿಬಿರದ ಆ ಸಂಜೆಯೇ ಮೇಷ್ಟ್ರ ತರಗತಿ. ಕಾರಣವನ್ನು ಅವರೇ ಹೇಳಿಬಿಟ್ಟರೆ ಮೂರನೇ ಹೆಜ್ಜೆ ಹುಡುಗರ ಕೈತಪ್ಪುತ್ತದೆ; ಉಳಿಯುವುದು ಇನ್ನೊಂದು ಉಪನ್ಯಾಸ. ಕೇಳದೆ ಮಲಗಲು ಕಳಿಸಿದರೆ ಮೊದಲನೆಯದರಲ್ಲೇ ನಿಲ್ಲುತ್ತದೆ. ಊರಿಗೆ ಬೇಕಾದ ಕೆಲಸ ಆಯಿತು, ಕಲಿಕೆ ಆಗಲಿಲ್ಲ.

ನನ್ನ ನೆಚ್ಚಿನ ಸುಲಭಸೂತ್ರ: ‘ಏನಾಯಿತು, ಏಕೆ, ನಾಳೆ ಏನು’. ಕ್ರಮ ಬದಲಿಸಬೇಡಿ. ಮೊದಲಿಗೇ ‘ಏಕೆ’ ಎಂದರೆ ‘ಜನರಲ್ಲಿ ಜಾಗೃತಿಯ ಕೊರತೆ’ ಎಂಬ ಪರೀಕ್ಷೆಯ ಉತ್ತರ ಬರುತ್ತದೆ. ಅದರಲ್ಲಿ ಆ ಊರೇ ಇರುವುದಿಲ್ಲ!

ನಾಯಕತ್ವಕ್ಕೂ ಇದೇ ಕ್ರಮ. ತಂಡದ ನಾಯಕರನ್ನು ದಿನವೂ ಬದಲಿಸಿ, ಸಂಜೆಯ ಸಭೆಯನ್ನು ಆ ದಿನದ ನಾಯಕಿಯೇ ನಡೆಸಲಿ. ಮೇಷ್ಟ್ರು ವೃತ್ತದಲ್ಲಿ ಒಬ್ಬರಾಗಿ ಕೂರಲಿ.

ಉತ್ತರ ಬರೆಯುವಾಗ ಆರು ಪಾತ್ರಗಳನ್ನು ಸಮನಾಗಿ ಹಂಚಬೇಡಿ. ಐದಕ್ಕೆ ಒಂದೊಂದು ಸಾಲು ಸಾಕು, ‘ಶಿಕ್ಷಕ’ದ ಕೆಳಗೆ ಇಂಥದೊಂದು ಸಂಜೆಯನ್ನು ಬಿಡಿಸಿ ಬರೆಯಿರಿ.