ಅಪ್ರೆಂಟಿಸ್‌ಶಿಪ್ ಸಹಿತ ಪದವಿ: ಎಲೆಕ್ಟ್ರಾನಿಕ್ಸ್ ತಯಾರಿಕೆಯಲ್ಲಿ ಅದರ ಅರ್ಥವೇನು?

ಪದವಿ ಓದುತ್ತಿರುವಾಗಲೇ ಕೆಲವು ಸೆಮಿಸ್ಟರ್‌ಗಳನ್ನು ಕಾರ್ಖಾನೆಯಲ್ಲಿ ಕಳೆದು, ಅಲ್ಲಿ ಕಲಿತದ್ದಕ್ಕೂ ಕ್ರೆಡಿಟ್ ಗಳಿಸಿ, ತಿಂಗಳು ತಿಂಗಳು ಸ್ಟೈಪೆಂಡ್ ಪಡೆಯುತ್ತಾ ಅದೇ ಪದವಿ ಮುಗಿಸುವ ಕ್ರಮವೇ ಅಪ್ರೆಂಟಿಸ್‌ಶಿಪ್ ಸಹಿತ ಪದವಿ. ಕಾಲೇಜಿನ ಕಾಗದಪತ್ರಗಳಲ್ಲಿ ‘ಎಇಡಿಪಿ’ ಎಂದಿರುತ್ತದೆ. ಯುಜಿಸಿ 2020ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿ, 2025ರಲ್ಲಿ ಪರಿಷ್ಕರಿಸಿತು. ಅದರಂತೆ ಮೂರು ವರ್ಷದ ಪದವಿಯಲ್ಲಿ ಕನಿಷ್ಠ ಒಂದು, ಗರಿಷ್ಠ ಮೂರು ಸೆಮಿಸ್ಟರ್ ಕಾರ್ಖಾನೆಯಲ್ಲಿ. ನಾಲ್ಕು ವರ್ಷದ್ದರಲ್ಲಿ ಕನಿಷ್ಠ ಎರಡು, ಗರಿಷ್ಠ ನಾಲ್ಕು.

ಇದನ್ನು ಇಂಟರ್ನ್‌ಶಿಪ್ ಜೊತೆ ಬೆರೆಸುವವರು ಬಹಳ. ಇಂಟರ್ನ್‌ಶಿಪ್‌ಗೆ ಕಂಪನಿಯ ಒಂದು ಪತ್ರ ಸಾಕು. ಅಪ್ರೆಂಟಿಸ್‌ಶಿಪ್‌ಗೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಪ್ಪಂದ ಆಗಬೇಕು, ಅದು ನೋಂದಣಿಯಾಗಬೇಕು. ಪದವಿ ಮುಗಿದ ಮೇಲೆ ಬಿಇಎಲ್‌ನಂಥ ಸಂಸ್ಥೆಗಳಲ್ಲಿ ಒಂದು ವರ್ಷ ಮಾಡುವ ಗ್ರಾಜುಯೇಟ್ ಅಪ್ರೆಂಟಿಸ್‌ಶಿಪ್ ಕೂಡ ಬೇರೆ. ಅದು ಅಂಕಪಟ್ಟಿಗೆ ಸೇರುವುದಿಲ್ಲ. ಇಲ್ಲಿ ಕಾರ್ಖಾನೆಯ ಕಲಿಕೆ ಅಂಕಪಟ್ಟಿಯ ಒಳಗೇ ಇರುತ್ತದೆ. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್, ವರ್ಷಕ್ಕೆ 1,200 ಗಂಟೆಗೆ 40 ಕ್ರೆಡಿಟ್.

ಎಲೆಕ್ಟ್ರಾನಿಕ್ಸ್ ತಯಾರಿಕೆಗೆ ಈ ಕ್ರಮ ಏಕೆ ಹೊಂದುತ್ತದೆ ಎಂಬುದು ಎಸ್‌ಎಂಟಿ ಲೈನಿನ (ಬೋರ್ಡಿನ ಮೇಲ್ಮೈಗೆ ಬಿಡಿಭಾಗ ಬೆಸೆಯುವ ಯಂತ್ರಗಳ ಸಾಲು) ಪಕ್ಕ ನಿಂತವರಿಗೆ ಬೇಗ ತಿಳಿಯುತ್ತದೆ. ಪೀಣ್ಯದ ಸಣ್ಣ ಘಟಕವಿರಲಿ, ಎಲೆಕ್ಟ್ರಾನಿಕ್ ಸಿಟಿಯ ದೊಡ್ಡದಿರಲಿ, ಕ್ರಮ ಹೆಚ್ಚುಕಡಿಮೆ ಒಂದೇ: ಬೋರ್ಡಿನ ಮೇಲೆ ಸೋಲ್ಡರ್ ಪೇಸ್ಟ್ (ಬೆಸುಗೆ ಲೋಹದ ಪುಡಿ ಕಲಸಿದ ಅಂಟು) ಅಚ್ಚು, ಬಿಡಿಭಾಗ ಕೂರಿಸುವ ಯಂತ್ರ, ಪೇಸ್ಟ್ ಕರಗಿಸುವ ರಿಫ್ಲೋ ಓವನ್, ಕ್ಯಾಮೆರಾ ತಪಾಸಣೆ, ಆಮೇಲೆ ಟೆಸ್ಟಿಂಗ್. ದೋಷಗಳಲ್ಲಿ ಬಹುಪಾಲು ಹುಟ್ಟುವುದು ಮೊದಲ ಹಂತದಲ್ಲೇ.

ಪೇಸ್ಟನ್ನೇ ನೋಡಿ. ಅದನ್ನು ಸಾಮಾನ್ಯವಾಗಿ ಫ್ರಿಜ್‌ನಲ್ಲಿ 2ರಿಂದ 10 ಡಿಗ್ರಿಯಲ್ಲಿ ಇಡುತ್ತಾರೆ. ಬಳಸುವ ಮುಂಚೆ ಡಬ್ಬ ಹೊರಗಿಟ್ಟು, ಮುಚ್ಚಳ ತೆಗೆಯದೆ ಸುಮಾರು ನಾಲ್ಕು ಗಂಟೆ ಬಿಡಬೇಕು. ತಣ್ಣಗಿರುವಾಗಲೇ ತೆರೆದರೆ ಗಾಳಿಯ ತೇವ ಪೇಸ್ಟಿನ ಮೇಲೆ ಕೂರುತ್ತದೆ. ಓವನ್‌ನಲ್ಲಿ ಆ ನೀರು ಆವಿಯಾಗಿ ಸಿಡಿದು, ಪೇಸ್ಟ್ ಪಿನ್‌ಗಳ ನಡುವೆ ಸಣ್ಣ ಸೋಲ್ಡರ್ ಗುಂಡುಗಳಾಗಿ ಚೆಲ್ಲುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಇದರ ಕಾಟ ಹೆಚ್ಚು. ಇನ್ನು ಸ್ಟೆನ್ಸಿಲ್, ಅಂದರೆ ಪೇಸ್ಟ್ ಅಚ್ಚೊತ್ತಲು ಬಳಸುವ, ರಂಧ್ರಗಳಿರುವ ತೆಳು ಹಾಳೆ. ರಂಧ್ರದ ಬಾಯಿಯ ವಿಸ್ತೀರ್ಣವನ್ನು ಅದರ ಒಳಗೋಡೆಯ ವಿಸ್ತೀರ್ಣದಿಂದ ಭಾಗಿಸಿದರೆ ಕನಿಷ್ಠ 0.66 ಬರಬೇಕು, ಇಲ್ಲದಿದ್ದರೆ ಪೇಸ್ಟ್ ಪೂರ್ತಿ ಕೆಳಗಿಳಿಯದೆ ಗೋಡೆಗೇ ಅಂಟಿಕೊಳ್ಳುತ್ತದೆ. 0.3 ಮಿ.ಮೀ. ಚೌಕ ರಂಧ್ರವನ್ನು 0.12 ಮಿ.ಮೀ. ಹಾಳೆಯಲ್ಲಿ ಕೊರೆದರೆ ಬರುವುದು 0.625, ಸಾಲದು. ಅದೇ ರಂಧ್ರ 0.10 ಮಿ.ಮೀ. ಹಾಳೆಯಲ್ಲಿದ್ದರೆ 0.75. ಈ ಭಾಗಾಕಾರವನ್ನು ತರಗತಿಯಲ್ಲಿ ಐದು ನಿಮಿಷದಲ್ಲಿ ಹೇಳಿಕೊಡಬಹುದು. ಆದರೆ ಬಿಜಿಎ (ಅಡಿಯಲ್ಲಿ ಸೋಲ್ಡರ್ ಗುಂಡುಗಳಿರುವ ಚಿಪ್) ಕೆಳಗೆ ಪೇಸ್ಟ್ ಕಡಿಮೆಯಾಗಿ ಬೋರ್ಡ್ ಮೇಲೆ ಬೋರ್ಡ್ ಫೇಲಾಗುವಾಗ ತಪ್ಪು ಹಾಳೆಯ ದಪ್ಪದಲ್ಲಿದೆಯೋ, ಪೇಸ್ಟ್ ಎಳೆಯುವ ಸ್ಕ್ವೀಜಿ ಪಟ್ಟಿಯ ಒತ್ತಡದಲ್ಲಿದೆಯೋ, ಸ್ಟೆನ್ಸಿಲ್ ಒರೆಸದ್ದಕ್ಕೋ ಎಂದು ಬೇರ್ಪಡಿಸುವುದು ಲೈನಿನಲ್ಲಿ ವಾರಗಟ್ಟಲೆ ನಿಂತವರಿಗೆ ಮಾತ್ರ ಬರುತ್ತದೆ.

ಓವನ್ನೂ ಹಾಗೆಯೇ. ಸೀಸರಹಿತ ಎಸ್‌ಎಸಿ305 ಮಿಶ್ರಲೋಹ ಕರಗಲು ಶುರುವಾಗುವುದು 217 ಡಿಗ್ರಿಗೆ. ಬೋರ್ಡ್ ಸುಮಾರು 235–250 ಡಿಗ್ರಿ ಮುಟ್ಟಬೇಕು, ಕರಗುವ ಬಿಂದುವಿನ ಮೇಲೆ 45–90 ಸೆಕೆಂಡ್ ಇರಬೇಕು. ಚಿಕ್ಕ ರೆಸಿಸ್ಟರಿನ ಒಂದು ತುದಿ ಮೊದಲು ಕರಗಿದರೆ ಇನ್ನೊಂದು ತುದಿ ಮೇಲೆದ್ದು ಭಾಗ ನೆಟ್ಟಗೆ ನಿಲ್ಲುತ್ತದೆ. ಲೈನಿನಲ್ಲಿ ಅದಕ್ಕೆ ಟೂಂಬ್‌ಸ್ಟೋನ್ ಎನ್ನುತ್ತಾರೆ.

ಹಾಗಾಗಿ ಇಂಥ ಪದವಿಯ ಜೀವ ಇರುವುದು ರೊಟೇಷನ್‌ನಲ್ಲಿ, ಅಂದರೆ ವಿದ್ಯಾರ್ಥಿಯನ್ನು ಒಂದು ವಿಭಾಗದಿಂದ ಇನ್ನೊಂದಕ್ಕೆ ದಾಟಿಸುವುದರಲ್ಲಿ. ಒಂದು ವರ್ಷದ ತರಬೇತಿಯಾದರೆ ಮೊದಲ ಎರಡು ವಾರ ಸುರಕ್ಷತೆ ಮತ್ತು ಇಎಸ್‌ಡಿ (ಸ್ಥಾಯಿ ವಿದ್ಯುತ್ತಿನಿಂದ ಬಿಡಿಭಾಗ ಕೆಡದಂತೆ ನೋಡಿಕೊಳ್ಳುವುದು). ಮಣಿಕಟ್ಟಿಗೆ ಕಟ್ಟುವ ರಿಸ್ಟ್ ಸ್ಟ್ರಾಪಿನೊಳಗೆ 1 ಮೆಗಾಓಮ್ ರೆಸಿಸ್ಟರ್ ಏಕಿದೆ ಎಂಬುದರಿಂದಲೇ ಶುರುವಾಗಲಿ (ಸ್ಥಾಯಿ ವಿದ್ಯುತ್ ಹರಿದುಹೋಗಬೇಕು, ಆದರೆ ಮೈನ್ಸ್ ತಗುಲಿದರೆ ಕೈಗೆ ಅಪಾಯದ ಕರೆಂಟ್ ಹರಿಯಬಾರದು). ಆಮೇಲೆ ಎಸ್‌ಎಂಟಿಗೆ ಹತ್ತು ವಾರ, ಕೈ ಸೋಲ್ಡರಿಂಗ್ ಮತ್ತು ರೀವರ್ಕ್‌ಗೆ (ಕೆಟ್ಟ ಬೆಸುಗೆ ತೆಗೆದು ಮತ್ತೆ ಮಾಡುವುದು) ಆರು, ಟೆಸ್ಟಿಂಗ್‌ಗೆ ಹತ್ತು, ಬೋರ್ಡ್ ಜೋಡಣೆ ಒಪ್ಪತಕ್ಕದ್ದೇ ಎಂದು ಅಳೆಯುವ ಐಪಿಸಿ-ಎ-610 ಮಾನದಂಡ ಹಿಡಿದು ಗುಣಮಟ್ಟ ವಿಭಾಗದಲ್ಲಿ ಎಂಟು, ಉಳಿದದ್ದು ಒಂದು ನೈಜ ದೋಷದ ಮೂಲ ಹುಡುಕುವ ಪ್ರಾಜೆಕ್ಟ್. ವಾರಗಳು ಆಚೀಚೆಯಾಗಬಹುದು. ಆದರೆ ಹನ್ನೊಂದು ತಿಂಗಳು ಕ್ಯಾಮೆರಾ ತಪಾಸಣೆಯ ಪರದೆ ಮುಂದೆ ಕೂತು ‘ಪಾಸ್’, ‘ಫೇಲ್’ ಒತ್ತಿದವರಿಗೆ ಸಿಕ್ಕಿದ್ದು ಅಪ್ರೆಂಟಿಸ್‌ಶಿಪ್ ಅಲ್ಲ, ಕಡಿಮೆ ಸಂಬಳದ ಆಪರೇಟರ್ ಕೆಲಸ. ಆರ್ಡರ್ ಒತ್ತಡ ಏರಿದಾಗ ಸೂಪರ್‌ವೈಸರ್ ಪಳಗಿದ ಕೈಯನ್ನು ಬಿಟ್ಟುಕೊಡುವುದಿಲ್ಲ, ಕಾಲೇಜಿನವರು ಬಂದು ನೋಡುವುದಿಲ್ಲ. ಯೋಜನೆ ಹಳಿ ತಪ್ಪುವುದು ಹೆಚ್ಚಾಗಿ ಹೀಗೆ.

ಹಣದ ವಿಷಯ. 2019ರಲ್ಲಿ ತಿದ್ದುಪಡಿಯಾದ ನಿಯಮಗಳು ಪದವಿ ಅಪ್ರೆಂಟಿಸ್‌ಗೆ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 9,000 ರೂಪಾಯಿ ಎಂದು ಗೊತ್ತುಮಾಡಿದ್ದವು. ಕೇಂದ್ರ ಶಿಕ್ಷಣ ಸಚಿವಾಲಯದ ‘ನ್ಯಾಟ್ಸ್’ ಯೋಜನೆಯಲ್ಲಿ ಕನಿಷ್ಠ ಮೊತ್ತದ ಅರ್ಧವನ್ನು ಸರ್ಕಾರ ಭರಿಸುತ್ತದೆ. 5,000–9,000 ರೂಪಾಯಿ ಶ್ರೇಣಿಯನ್ನು 6,800–12,300ಕ್ಕೆ ಏರಿಸಲು 2025ರಲ್ಲಿ ಕೇಂದ್ರೀಯ ಅಪ್ರೆಂಟಿಸ್‌ಶಿಪ್ ಮಂಡಳಿ ಶಿಫಾರಸು ಮಾಡಿತು. ಸಹಿ ಹಾಕುವ ದಿನ ಯಾವ ದರ ಜಾರಿಯಲ್ಲಿದೆ ಎಂದು ನೋಡಿಕೊಳ್ಳಿ. ಸರ್ಕಾರದ ಪಾಲು ನೇರ ಖಾತೆಗೆ ಬರುವುದರಿಂದ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಇಲ್ಲವಾದರೆ ದುಡ್ಡು ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತದೆ. ದೇವನಹಳ್ಳಿ ಅಥವಾ ನರಸಾಪುರದ ಕಡೆ ಪಿಜಿ ಹಿಡಿಯಬೇಕಾದರೆ ಸ್ಟೈಪೆಂಡಿನ ದೊಡ್ಡ ಪಾಲು ಅಲ್ಲಿಗೇ. ಬೊಮ್ಮಸಂದ್ರದ ಕಡೆಯವರಿಗೆ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮೆಟ್ರೊ ಮಾರ್ಗದಿಂದ ಮನೆಯಿಂದಲೇ ಓಡಾಡುವುದು ಸುಲಭವಾಗಿದೆ.

ಕಾನೂನಿನ ಕಣ್ಣಿಗೆ ಅಪ್ರೆಂಟಿಸ್ ಕಾರ್ಮಿಕನಲ್ಲ, ತರಬೇತಿ ಪಡೆಯುವವನು. ಪಿಎಫ್ ಕಡಿತ ಇರುವುದಿಲ್ಲ. ತರಬೇತಿಯ ವೇಳೆ ಗಾಯವಾದರೆ ಪರಿಹಾರ ಕೊಡುವ ಹೊಣೆ ಕಂಪನಿಯದು. ಸರ್ಕಾರದ ಅಪ್ರೆಂಟಿಸ್‌ಶಿಪ್ ಸಲಹಾಧಿಕಾರಿಯ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ಒಪ್ಪಂದದಲ್ಲೇ ಬರೆದಿರದಿದ್ದರೆ, ಕೊನೆಗೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಕಂಪನಿಗಿಲ್ಲ. ‘ಕೆಲಸ ಗ್ಯಾರಂಟಿ’ ಎಂಬ ಕಾಲೇಜಿನ ಬಾಯಿಮಾತನ್ನು ನಂಬಿ ಸೇರಬೇಡಿ. ಕಂಪನಿಗಳಿಗೂ ಗರಜಿದೆ: 30 ಅಥವಾ ಹೆಚ್ಚು ಜನರಿರುವ ಘಟಕ ತನ್ನ ಬಲದ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. 400 ಜನರ ಘಟಕಕ್ಕೆ ಅದು 10ರಿಂದ 60.

ಸೀಟು ಹಿಡಿಯುವ ಮುನ್ನ ಕಾಲೇಜಿನಲ್ಲಿ ಮೂರು ಕಾಗದ ಕೇಳಿ: ಕಂಪನಿಯ ಜೊತೆಗಿನ ಲಿಖಿತ ಒಡಂಬಡಿಕೆ, ಯಾವ ವಿಭಾಗದಲ್ಲಿ ಎಷ್ಟು ವಾರ ಎಂಬ ತರಬೇತಿ ಯೋಜನೆ, ಆ ವಾರಗಳಿಗೆ ಎಷ್ಟು ಕ್ರೆಡಿಟ್ ಎಂದು ತೋರಿಸುವ ಪಠ್ಯಕ್ರಮ. ಒಪ್ಪಂದವಾದ ಮೇಲೆ ಅದು ನೋಂದಣಿಯಾಗುವ ಸರ್ಕಾರಿ ಪೋರ್ಟಲ್‌ಗೆ ಹೋಗಿ ಅದು ನಿಮ್ಮ ಹೆಸರಿನಲ್ಲಿ ಕಾಣುತ್ತಿದೆಯೇ ನೋಡಿ, ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಲೈನಿನಲ್ಲಿ ಮಾಡಿದ ಕೆಲಸವನ್ನು ಲಾಗ್‌ಬುಕ್‌ನಲ್ಲಿ ಅಂದಂದೇ ಬರೆದು ವಾರಕ್ಕೊಮ್ಮೆ ಸೂಪರ್‌ವೈಸರ್ ಸಹಿ ಹಾಕಿಸಿ. ಸೆಮಿಸ್ಟರ್ ಕೊನೆಯಲ್ಲಿ ಒಟ್ಟಿಗೆ ತುಂಬಿಸಿದ ಲಾಗ್‌ಬುಕ್ ವೈವಾದಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತದೆ.