ಸೋರುವ ಟ್ರಾನ್ಸ್‌ಫರ್ ಕೇಸ್: ಸೀಲ್ ಬದಲಿಸುವ ಮುನ್ನ

ನಿಂತ ಟ್ರಕ್ಕಿನ ಹೊಟ್ಟೆಯ ಕೆಳಗೆ ನಿಮಿಷಕ್ಕೊಂದು ಹನಿ ಎಣ್ಣೆ ಬಿದ್ದರೆ ಯಾರೂ ಅಷ್ಟಾಗಿ ಗಾಬರಿಯಾಗುವುದಿಲ್ಲ. ಇಪ್ಪತ್ತು ಹನಿಗೆ ಸುಮಾರು 1 ಮಿಲಿಲೀಟರ್ ಎಂದು ಲೆಕ್ಕ ಹಿಡಿದರೆ ಅದು ದಿನಕ್ಕೆ 72 ಮಿಲಿಲೀಟರ್. ಎರಡು ಲೀಟರಿನಷ್ಟು ಎಣ್ಣೆ ಹಿಡಿಯುವ ಟ್ರಾನ್ಸ್‌ಫರ್ ಕೇಸಿನ ಅರ್ಧದಷ್ಟು ಎರಡೇ ವಾರಗಳಲ್ಲಿ ನೆಲದ ಪಾಲಾಗುತ್ತದೆ. ಆಮೇಲೆ ಎಣ್ಣೆಯ ಮಟ್ಟ ಸೋರುವ ಜಾಗಕ್ಕಿಂತ ಕೆಳಗಿಳಿದಾಗ ಹನಿ ತಾನಾಗಿಯೇ ನಿಂತುಹೋಗುತ್ತದೆ, ಮಾಲೀಕನೂ ನಿಟ್ಟುಸಿರು ಬಿಡುತ್ತಾನೆ. ವಾಹನ ಓಡುವಾಗ ಒಳಗೆ ಚಿಮ್ಮುವ ಎಣ್ಣೆ ಮಾತ್ರ ಅದೇ ಜಾಗದಿಂದ ಹೊರಹೋಗುತ್ತಲೇ ಇರುತ್ತದೆ. ಎಂಜಿನ್ನಿಗೆ ಇರುವಂಥ ಎಚ್ಚರಿಕೆಯ ದೀಪ ಈ ಪೆಟ್ಟಿಗೆಗೆ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ಬೇರಿಂಗುಗಳು ಊಳಿಡತೊಡಗಿದಾಗಲೇ ವಿಷಯ ತಿಳಿಯುವುದು.

ಗೇರ್ ಬಾಕ್ಸಿನ ಹಿಂಬದಿಗೆ ಜೋಡಿಸಿರುವ ಟ್ರಾನ್ಸ್‌ಫರ್ ಕೇಸ್, ಫೋರ್ ವೀಲ್ ಡ್ರೈವ್ ವಾಹನಗಳಲ್ಲಿ ಎಂಜಿನ್ನಿನ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಹಂಚುತ್ತದೆ. ಒಂದು ಶಾಫ್ಟ್ ಒಳಬರುತ್ತದೆ, ಎರಡು ಹೊರಹೋಗುತ್ತವೆ. ಈ ಮೂರೂ ಕಡೆ ಸೀಲುಗಳಿರುತ್ತವೆ. ಇವಲ್ಲದೆ ಡ್ರೈವ್ ಬದಲಿಸುವ ಲಿವರಿನ ಶಾಫ್ಟ್, ವೇಗ ಅಳೆಯುವ ಸೆನ್ಸರಿನ ರಬ್ಬರ್ ರಿಂಗ್, ಎಣ್ಣೆ ತುಂಬುವ ಮತ್ತು ಇಳಿಸುವ ಪ್ಲಗ್ಗುಗಳು, ಕವಚದ ಎರಡು ಹೋಳುಗಳು ಕೂಡುವ ಜಾಗ, ಇವೆಲ್ಲವೂ ಸೋರಬಲ್ಲವು. ಆದರೂ ಹೆಚ್ಚಿನ ದೂರು ಹೊರಹೋಗುವ ಶಾಫ್ಟುಗಳ ಸೀಲುಗಳ ಮೇಲೆಯೇ.

ಆಯಿಲ್ ಸೀಲ್ ಎಂದರೆ ಶಾಫ್ಟನ್ನು ಬಿಗಿಯಾಗಿ ಹಿಡಿದು ಎಣ್ಣೆಯನ್ನು ತಡೆಯುವ ರಬ್ಬರ್ ಬಳೆ ಎಂಬ ತಿಳಿವಳಿಕೆ ಅರ್ಧ ಮಾತ್ರ ನಿಜ. ಹಾಗೆ ಒಣಗಿ ಉಜ್ಜಿಕೊಳ್ಳುತ್ತಿದ್ದರೆ ಅದರ ಅಂಚು ಬಹುಬೇಗ ಸುಟ್ಟುಹೋಗುತ್ತಿತ್ತು. ಶಾಫ್ಟ್ ತಿರುಗುವಾಗ ಅಂಚಿನ ಅಡಿಯಲ್ಲಿ ಮಿಲಿಮೀಟರಿನ ಸಾವಿರದ ಒಂದು ಭಾಗದ ಆಸುಪಾಸಿನ ದಪ್ಪದ ಎಣ್ಣೆಯ ಪದರವೊಂದು ನಿಲ್ಲುತ್ತದೆ. ಅಂಚು ಆ ಪದರದ ಮೇಲೆ ತೇಲುತ್ತದೆ. ಹಾಗಿದ್ದೂ ಎಣ್ಣೆ ಹೊರಬರದಿರುವುದಕ್ಕೆ ಕಾರಣ ಅಂಚಿನ ಆಕಾರದಲ್ಲಿದೆ. ಎಣ್ಣೆಯ ಕಡೆಯ ಇಳಿಜಾರು ಕಡಿದಾಗಿಯೂ ಗಾಳಿಯ ಕಡೆಯದು ಮಂದವಾಗಿಯೂ ಇರುವುದರಿಂದ ಅಂಚಿನ ಒತ್ತಡ ಎರಡೂ ಬದಿಗೆ ಸಮನಾಗಿ ಹರಡುವುದಿಲ್ಲ. ತಿರುಗುವ ಶಾಫ್ಟ್ ರಬ್ಬರಿನ ಮೇಲ್ಮೈಯಲ್ಲಿರುವ ಸೂಕ್ಷ್ಮ ಉಬ್ಬುತಗ್ಗುಗಳನ್ನು ಎಳೆದು ಓರೆಯಾಗಿಸಿದಾಗ, ಅವು ಹೊರಹೊರಟ ಎಣ್ಣೆಯನ್ನು ಮತ್ತೆ ಒಳಕ್ಕೆ ದೂಡುವ ರೀತಿಯಲ್ಲಿ ನಿಲ್ಲುತ್ತವೆ. ಸುಸ್ಥಿತಿಯಲ್ಲಿರುವ ಸೀಲ್ ವಾಸ್ತವದಲ್ಲಿ ಒಂದು ಪುಟ್ಟ ಪಂಪು.

ಇದನ್ನು ಒಪ್ಪಿಕೊಂಡರೆ ಹೊಸ ಸೀಲ್ ಹಾಕಿಸಿದ ಮೇಲೂ ಕೆಲವು ಟ್ರಕ್ಕುಗಳು ಏಕೆ ಸೋರುತ್ತವೆ ಎಂಬುದು ತಿಳಿಯುತ್ತದೆ. ಪಂಪಿನ ಅರ್ಧಭಾಗ ರಬ್ಬರ್, ಉಳಿದರ್ಧ ಶಾಫ್ಟಿನ ಮೇಲ್ಮೈ. ತುಕ್ಕು ತೆಗೆಯಲೆಂದು ಎಮರಿ ಕಾಗದವನ್ನು ಶಾಫ್ಟಿನ ಉದ್ದಕ್ಕೆ ಸರಿಸುತ್ತ ಉಜ್ಜಿದರೆ ಅದರ ಮೇಲೆ ಸುರುಳಿಯಾಕಾರದ ಗೆರೆಗಳು ಮೂಡಿ, ಒಂದು ದಿಕ್ಕಿನಲ್ಲಿ ತಿರುಗುವಾಗ ಎಣ್ಣೆಯನ್ನು ಹೊರಕ್ಕೆ ಸಾಗಿಸುತ್ತವೆ. ಹಳೆಯ ಸೀಲಿನ ಅಂಚು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಓಡಿ ಕೊರೆದ ತೋಡೂ ಹಾಗೆಯೇ: ಉಗುರಿಗೆ ತಾಕುವಷ್ಟು ಆಳವಾಗಿದ್ದರೆ ಹೊಸ ಅಂಚು ಅಲ್ಲಿ ಸರಿಯಾಗಿ ಕೂರುವುದಿಲ್ಲ. ಮೂರನೆಯ ಕಾರಣವನ್ನು ನೋಡಲು ಮೆಕ್ಯಾನಿಕ್‌ಗಳಿಗೆ ಪುರುಸೊತ್ತಿರುವುದು ಕಡಿಮೆ. ಶಾಫ್ಟನ್ನು ಹೊತ್ತಿರುವ ಬುಷ್ ಅಥವಾ ಬೇರಿಂಗ್ ಸವೆದಿದ್ದರೆ ಶಾಫ್ಟ್ ತಿರುಗುವಾಗ ಅಲುಗುತ್ತದೆ, ನಿಮಿಷಕ್ಕೆ ಸಾವಿರಾರು ಸುತ್ತುಗಳ ಆ ಅಲುಗಾಟವನ್ನು ರಬ್ಬರ್ ಹಿಂಬಾಲಿಸಲಾರದು. ಆಕ್ಸಲಿಗೆ ಶಕ್ತಿಯನ್ನು ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ತುದಿಯನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡುವ ಅರ್ಧ ನಿಮಿಷದ ಪರೀಕ್ಷೆ ಎಷ್ಟೋ ವ್ಯರ್ಥ ದುರಸ್ತಿಗಳನ್ನು ತಪ್ಪಿಸಬಲ್ಲದು ಎಂಬುದು ನನ್ನ ಅಭಿಪ್ರಾಯ.

ಸೀಲಿನ ತಪ್ಪೇ ಇಲ್ಲದ ಸೋರಿಕೆಯೂ ಉಂಟು. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ 100 ಡಿಗ್ರಿಗೆ ಕಾದರೆ, ಅಂದರೆ 300 ಕೆಲ್ವಿನ್‌ನಿಂದ 373ಕ್ಕೆ ಏರಿದರೆ, ಅದರ ಒತ್ತಡ ಸುಮಾರು ಕಾಲುಭಾಗ ಹೆಚ್ಚುತ್ತದೆ. ಈ ಗಾಳಿ ಹೊರಹೋಗಲೆಂದೇ ಮೇಲ್ಭಾಗದಲ್ಲಿ ಬ್ರೀದರ್ ಇರುತ್ತದೆ. ಅದು ಕೆಸರಿನಿಂದ ಕಟ್ಟಿಕೊಂಡರೆ, ಒತ್ತಡ ತಡೆಯಲೆಂದು ರೂಪಿಸಿರದ ಸೀಲುಗಳನ್ನು ದಾಟಿ ಎಣ್ಣೆ ಹೊರಬರುತ್ತದೆ. ಬಿಸಿಯಾದ ಪೆಟ್ಟಿಗೆ ನೀರಿನಲ್ಲಿ ಮುಳುಗಿ ಥಟ್ಟನೆ ತಣಿದಾಗ ಇದರ ವಿರುದ್ಧ ನಡೆದು, ಸೀಲಿನ ಮೂಲಕ ನೀರು ಒಳಕ್ಕೆ ಸೆಳೆಯಲ್ಪಡುತ್ತದೆ. ಇಳಿಸಿದ ಎಣ್ಣೆ ಹಾಲು ಬೆರೆಸಿದ ಬಣ್ಣದಲ್ಲಿದ್ದರೆ ಮೊದಲು ನೋಡಬೇಕಾದದ್ದು ಬ್ರೀದರನ್ನು.

ಇನ್ನು ಸೋರುವ ಜಾಗವನ್ನು ಹುಡುಕುವ ವಿಚಾರ. ಹನಿ ಬೀಳುವ ಜಾಗವೇ ಸೋರುವ ಜಾಗವಾಗಿರಬೇಕೆಂದಿಲ್ಲ. ಭೂಮಿಯ ಸೆಳೆತ ಎಣ್ಣೆಯನ್ನು ಕೆಳಕ್ಕೂ, ಓಡುವಾಗಿನ ಗಾಳಿ ಹಿಂದಕ್ಕೂ ಒಯ್ಯುತ್ತದೆ. ಆದುದರಿಂದ ಪೆಟ್ಟಿಗೆಯನ್ನು ಗ್ರೀಸ್ ಕರಗಿಸುವ ದ್ರಾವಣದಿಂದ ತೊಳೆದು ಒಣಗಿಸಿ, ಸ್ವಲ್ಪ ದೂರ ಓಡಿಸಿ, ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನೂ ಮುಂದಿನದನ್ನೂ ಗುರುತಿಸಬೇಕು. ಎಣ್ಣೆಗೆ ಬೆರೆಸುವ ಪ್ರತಿದೀಪ್ತ ಬಣ್ಣ, ನೇರಳಾತೀತ ದೀಪದಡಿ ಹೊಳೆದು ಈ ಕೆಲಸವನ್ನು ಸುಲಭವಾಗಿಸುತ್ತದೆ. ಬಣ್ಣ ಮತ್ತು ವಾಸನೆಯೂ ಸುಳಿವು ಕೊಡುತ್ತವೆ: ಗೇರ್ ಆಯಿಲಿಗೆ ಗಂಧಕದ ಘಾಟು, ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್ಡಿಗೆ ಸಾಮಾನ್ಯವಾಗಿ ಕೆಂಪು ಬಣ್ಣ. ಗೇರ್ ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ಎರಡರಲ್ಲೂ ಕೆಂಪು ಎಣ್ಣೆಯೇ ಇದ್ದರೆ ಎರಡರ ಮಟ್ಟವನ್ನೂ ನೋಡಬೇಕು. ಒಂದರಲ್ಲಿ ಕಡಿಮೆಯಾಗಿ ಇನ್ನೊಂದರಲ್ಲಿ ಉಕ್ಕುತ್ತಿದ್ದರೆ ನಡುವಿನ ಸೀಲ್ ಸೋತಿದೆ ಎಂದರ್ಥ.

ನೆಲದ ಮೇಲೆ ಗುರುತನ್ನೇ ಬಿಡದ ಸೋರಿಕೆ ಎಲ್ಲಕ್ಕಿಂತ ಅಪಾಯಕಾರಿ. 1990ರ ದಶಕದ ಕೊನೆಯಲ್ಲಿ ಜನರಲ್ ಮೋಟರ್ಸ್ ಟ್ರಕ್ಕುಗಳಿಗೆ ಬಂದ ನ್ಯೂ ವೆಂಚರ್ ಗೇರ್ ತಯಾರಿಕೆಯ 246 ಮಾದರಿ ಇದಕ್ಕೆ ಹೆಸರಾಗಿದೆ. ಎಣ್ಣೆಯನ್ನು ಭಾಗಗಳಿಗೆ ತಲುಪಿಸಲು ಪೆಟ್ಟಿಗೆಯೊಳಗಿರುವ ಪಂಪು ಮೆತ್ತನೆಯ ಮೆಗ್ನೀಸಿಯಂ ಕವಚಕ್ಕೆ ಸತತವಾಗಿ ಉಜ್ಜಿ ಹಿಂಭಾಗದ ಮೇಲ್ಬದಿಯಲ್ಲಿ ಸೂಜಿಮೊನೆಯಷ್ಟು ತೂತು ಕೊರೆಯುತ್ತದೆ. ತೂತು ಎಣ್ಣೆಯ ಮಟ್ಟಕ್ಕಿಂತ ಮೇಲಿರುವುದರಿಂದ ಓಡುವಾಗ ಮಾತ್ರ ಎಣ್ಣೆ ಚಿಮ್ಮುತ್ತದೆ. ಇಲ್ಲಿ ಸೀಲ್ ಬದಲಿಸಿ ಪ್ರಯೋಜನವಿಲ್ಲ. ಪೆಟ್ಟಿಗೆಯನ್ನು ಬಿಚ್ಚಿ ಕವಚದ ಹಿಂದಿನ ಹೋಳನ್ನೇ ಬದಲಿಸಿ, ಪಂಪು ಮತ್ತೆ ಉಜ್ಜದಂತೆ ನೋಡಿಕೊಳ್ಳಬೇಕು.

ಸೀಲೇ ಕೆಟ್ಟಿದ್ದರೆ ಕೆಲಸ ಸರಳ, ಆದರೆ ಚಕ್ರಗಳಿಗೆ ಅಡೆಯಿಟ್ಟು ಸ್ಟ್ಯಾಂಡುಗಳ ಮೇಲೆ ನಿಲ್ಲಿಸದೆ ಟ್ರಕ್ಕಿನ ಅಡಿಗೆ ಹೋಗಕೂಡದು. ಆಟೊಮ್ಯಾಟಿಕ್ ವಾಹನದಲ್ಲಿ ಪಾರ್ಕಿಂಗ್ ಹಿಡಿತ ಇರುವುದು ಗೇರ್ ಬಾಕ್ಸಿನಲ್ಲಿ. ಪ್ರೊಪೆಲ್ಲರ್ ಶಾಫ್ಟ್ ಕಳಚಿದಾಗ ಅಥವಾ ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿದ್ದಾಗ ಅದು ಚಕ್ರಗಳನ್ನು ಹಿಡಿಯುವುದಿಲ್ಲ. ಎಣ್ಣೆ ಇಳಿಸುವ ಮೊದಲು ತುಂಬುವ ಪ್ಲಗ್ ಬಿಚ್ಚಿಕೊಳ್ಳುತ್ತದೆಯೇ ಎಂದು ನೋಡುವುದು ಜಾಣತನ. ಶಾಫ್ಟಿಗೂ ಅದು ಕೂಡುವ ಫ್ಲ್ಯಾಂಜ್ ಎಂಬ ಬಿಲ್ಲೆಗೂ ಗುರುತು ಹಾಕಿಕೊಂಡು ಕಳಚಿದರೆ ಸಮತೋಲ ಕೆಡುವುದಿಲ್ಲ. ಹೊಸ ಸೀಲಿನ ಅಂಚಿಗೆ ಎಣ್ಣೆ ಅಥವಾ ಗ್ರೀಸ್ ಸವರಿ ಓರೆಯಾಗದಂತೆ ಕೂರಿಸಬೇಕು. ತೋಡು ಬಿದ್ದ ಮೇಲ್ಮೈಗೆ ತೆಳು ಉಕ್ಕಿನ ತೋಳು ತೊಡಿಸುವ ವ್ಯವಸ್ಥೆಯೂ ಇದೆ. ಕವಚದ ಹೋಳುಗಳನ್ನು ಬೇರ್ಪಡಿಸಿದ್ದರೆ ಸಿಲಿಕೋನ್ ಅಂಟನ್ನು ತೆಳುವಾಗಿಯೇ ಹಚ್ಚಬೇಕು, ಏಕೆಂದರೆ ಒಳಕ್ಕೆ ಹಿಂಡಿದ ಹೆಚ್ಚುವರಿ ಅಂಟು ಕಳಚಿ ಪಂಪಿನ ಜರಡಿಯನ್ನು ಮುಚ್ಚಬಹುದು. ತಯಾರಕರು ಹೇಳಿದ ಎಣ್ಣೆಯನ್ನೇ, ಸಮತಟ್ಟು ನೆಲದ ಮೇಲೆ, ಸಾಮಾನ್ಯವಾಗಿ ತುಂಬುವ ತೂತಿನ ಕೆಳಅಂಚನ್ನು ಮುಟ್ಟುವವರೆಗೆ ಸುರಿಯಬೇಕು.

ಮೊದಲ ಓಟದಲ್ಲಿ ಸವರಿದ ಗ್ರೀಸ್ ಕರಗಿ ಸೀಲಿನ ಸುತ್ತ ಕೊಂಚ ತೇವ ಕಾಣಿಸಬಹುದು. ಅದನ್ನು ಒರೆಸಿ ಮತ್ತೆ ಓಡಿಸಿ ನೋಡಿದಾಗಲೂ ತೇವ ಹನಿಗಟ್ಟುತ್ತಿದ್ದರೆ, ಇನ್ನೊಂದು ಸೀಲ್ ತರುವ ಬದಲು ಬುಷ್ ಮತ್ತು ಬೇರಿಂಗುಗಳ ಸವೆತವನ್ನು ಅಳೆಯಬೇಕು.