ಎರಡು ಅಡಿಯ ತೊಟ್ಟಿಗೆ ಹೊಂದುವ ಮೀನುಗಳನ್ನು ಆರಿಸುವುದು: ಅಧ್ಯಯನ ಟಿಪ್ಪಣಿ

ಮೀನುಗಳ ಹೊಂದಾಣಿಕೆ ಎಂದೊಡನೆ ಯಾವ ಮೀನು ಯಾವುದನ್ನು ಕಚ್ಚುತ್ತದೆ ಎಂಬ ಪ್ರಶ್ನೆಯೇ ಮೊದಲು ಬರುತ್ತದೆ. ಓದುತ್ತಾ ಹೋದಂತೆ ನನಗೆ ತಿಳಿದದ್ದೇನೆಂದರೆ, ಆ ಪ್ರಶ್ನೆ ಕೊನೆಗೆ ಕೇಳಬೇಕಾದದ್ದು. ಒಂದೇ ನೀರು, ಒಂದೇ ಉಷ್ಣತೆ ಎರಡು ಜಾತಿಗಳಿಗೂ ಒಗ್ಗದಿದ್ದರೆ, ಅವು ಎಷ್ಟೇ ಸಾಧು ಮೀನುಗಳಾದರೂ ಒಂದು ತೊಟ್ಟಿಯಲ್ಲಿ ಬಹುಕಾಲ ಬಾಳಲಾರವು. ಆದ್ದರಿಂದ ಮೊದಲು ನೀರು, ಆಮೇಲೆ ಉಷ್ಣತೆ, ಬೆಳೆದಾಗಿನ ಗಾತ್ರ, ಗುಂಪಿನ ಅಗತ್ಯ, ಕಡೆಗೆ ಸ್ವಭಾವ ಎಂಬ ಕ್ರಮದಲ್ಲಿ ನೋಡುತ್ತೇನೆ. ಉದಾಹರಣೆಗೆ ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ 24 ಅಂಗುಲ ಉದ್ದ, 12 ಅಂಗುಲ ಅಗಲ, 12 ಅಂಗುಲ ಎತ್ತರದ ತೊಟ್ಟಿಯನ್ನೇ ತೆಗೆದುಕೊಂಡಿದ್ದೇನೆ. ಲೆಕ್ಕಕ್ಕೆ ಅದು ಸುಮಾರು 56 ಲೀಟರ್ ಹಿಡಿಸುತ್ತದೆ. ತಳಕ್ಕೆ ಮರಳು ಹಾಸಿ, ಮೇಲೆ ಎರಡು ಬೆರಳಷ್ಟು ಜಾಗ ಬಿಟ್ಟರೆ ನಿಜವಾಗಿ ನಿಲ್ಲುವ ನೀರು 45 ಲೀಟರಿನ ಆಸುಪಾಸಿನಲ್ಲಿರುತ್ತದೆ.

ಬೆಂಗಳೂರಿನಲ್ಲಿ ಒಂದೇ ಬೀದಿಯ ಎರಡು ಮನೆಗಳಲ್ಲಿ ಎರಡು ಬಗೆಯ ನೀರಿರಬಹುದು. ಒಂದು ಮನೆಗೆ ಕಾವೇರಿ ನೀರು ಬರುತ್ತದೆ, ಪಕ್ಕದ ಮನೆ ಕೊಳವೆಬಾವಿಯನ್ನು ನಂಬಿರುತ್ತದೆ. ಕೊಳವೆಬಾವಿಯ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಮಾನ್ಯವಾಗಿ ಹೆಚ್ಚಾಗಿರುವುದರಿಂದ ಅದು ಗಡಸಾಗಿರುತ್ತದೆ. ನೀರು ಕಾಯಿಸುವ ಪಾತ್ರೆಯಲ್ಲಿ, ಬಚ್ಚಲಿನ ನಲ್ಲಿಯ ಬಾಯಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ಅದೇ ಮೊದಲ ಸುಳಿವು. ಹಲವರು ಟಿಡಿಎಸ್ ಮೀಟರಿನ ಅಂಕಿಯನ್ನೇ ಗಡಸುತನವೆಂದು ಬಗೆಯುತ್ತಾರೆ. ಆ ಮೀಟರು ಸೋಡಿಯಂ ಸೇರಿದಂತೆ ಕರಗಿದ ಲವಣಗಳನ್ನೆಲ್ಲ ಒಟ್ಟಾಗಿ ಅಂದಾಜಿಸುತ್ತದೆಯಾದ್ದರಿಂದ ಗಡಸುತನಕ್ಕೆ ಬೇರೆಯದೇ ಪರೀಕ್ಷೆಯ ಕಿಟ್ ಬೇಕು. ಕಿಟ್‌ಗಳಲ್ಲಿ ನಮೂದಾಗುವ ಒಂದು ಜರ್ಮನ್ ಡಿಗ್ರಿ ಎಂದರೆ ಲೀಟರಿಗೆ ಸುಮಾರು 17.8 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ.

ಇದು ಏಕೆ ಮುಖ್ಯವೆಂಬುದಕ್ಕೆ ಗಪ್ಪಿ ಮತ್ತು ನಿಯಾನ್ ಟೆಟ್ರಾಗಳ ಜೋಡಿ ಒಳ್ಳೆಯ ನಿದರ್ಶನ. ಎರಡೂ ಪುಟ್ಟವು, ಎರಡೂ ಸಾಧು, ಅಂಗಡಿಯಲ್ಲಿ ಅಕ್ಕಪಕ್ಕದಲ್ಲೇ ಇರುತ್ತವೆ. ಆದರೆ ನಿಯಾನ್ ಟೆಟ್ರಾ ಅಮೆಜಾನ್ ಜಲಾನಯನದ ಮೆದುವಾದ, ತುಸು ಆಮ್ಲೀಯವಾದ ನೀರಿನ ಮೀನು. ಗಪ್ಪಿ, ಮೋಲಿ, ಪ್ಲಾಟಿಗಳಂತಹ ಮರಿ ಹಾಕುವ ಮೀನುಗಳು ಲವಣಾಂಶವಿರುವ ಗಡಸು ನೀರಿನಲ್ಲಿ ಗಟ್ಟಿಯಾಗಿ ಬೆಳೆಯುತ್ತವೆ. ಮೆದು ನೀರಿನಲ್ಲಿ ಮೋಲಿಗಳು ಸೊರಗಿ, ಈಜುರೆಕ್ಕೆಗಳನ್ನು ಮಡಚಿಕೊಂಡು ನಿಂತಲ್ಲೇ ತೂಗಾಡುವುದುಂಟು. ಮೀನು ಸಾಕಣೆ ಕೇಂದ್ರಗಳಲ್ಲಿ ಹುಟ್ಟಿದ ನಿಯಾನ್‌ಗಳು ಮಧ್ಯಮ ಗಡಸುತನವನ್ನು ತಾಳಿಕೊಳ್ಳುತ್ತವೆ ಎಂಬುದು ನಿಜವಾದರೂ ತಾಳಿಕೊಳ್ಳುವುದಕ್ಕೂ ಚೆನ್ನಾಗಿರುವುದಕ್ಕೂ ಅಂತರವಿದೆ. ಪಿಎಚ್ (ನೀರಿನ ಆಮ್ಲೀಯತೆಯನ್ನು ಸೂಚಿಸುವ ಅಳತೆ, ಅದು ಇಳಿದಷ್ಟೂ ನೀರು ಹೆಚ್ಚು ಆಮ್ಲೀಯ) ಇಳಿಸುವ ದ್ರಾವಣಗಳಿಂದ ನೀರನ್ನು ಬದಲಿಸಲು ಹೋಗಬಾರದು ಎಂದು ನಾನು ಖಚಿತವಾಗಿ ಹೇಳುತ್ತೇನೆ. ಗಡಸು ನೀರಿನಲ್ಲಿರುವ ಕಾರ್ಬೊನೇಟುಗಳು ಆಮ್ಲವನ್ನು ತಟಸ್ಥಗೊಳಿಸಿ ಪಿಎಚ್ ಅನ್ನು ಮತ್ತೆ ಮೇಲೆಳೆಯುತ್ತವೆ, ಆ ಏರಿಳಿತವು ಸ್ಥಿರವಾದ ಗಡಸು ನೀರಿಗಿಂತ ಹೆಚ್ಚು ಹಾನಿಕರ. ಮನೆಯ ನಲ್ಲಿಯಲ್ಲಿ ಯಾವ ನೀರು ಬರುತ್ತದೆಯೋ ಅದಕ್ಕೆ ತಕ್ಕ ಮೀನನ್ನು ತರುವುದೇ ಸರಿಯಾದ ದಾರಿ.

ಉಷ್ಣತೆಯ ವಿಷಯದಲ್ಲಿ ಅತಿ ಹೆಚ್ಚಾಗಿ ನಡೆಯುವ ತಪ್ಪೆಂದರೆ ಗೋಲ್ಡ್‌ಫಿಶ್ ಜೊತೆ ಏಂಜಲ್ ಮೀನನ್ನು ಬಿಡುವುದು. ಗೋಲ್ಡ್‌ಫಿಶ್‌ಗೆ 18ರಿಂದ 22 ಡಿಗ್ರಿ ಸೆಲ್ಸಿಯಸ್ ಹಿತ, ಏಂಜಲ್‌ಗೆ 25ರಿಂದ 28 ಡಿಗ್ರಿ ಬೇಕು. ನಡುವಿನ ಉಷ್ಣತೆಯನ್ನು ಇಟ್ಟರೆ ಇಬ್ಬರಿಗೂ ನ್ಯಾಯ ಸಿಗುವುದಿಲ್ಲ. ಅದರ ಮೇಲೆ ಗೋಲ್ಡ್‌ಫಿಶ್ ಹೊರಹಾಕುವ ತ್ಯಾಜ್ಯವೂ ವಿಪರೀತ, ಎರಡು ಅಡಿಯ ತೊಟ್ಟಿ ಅದಕ್ಕೆ ಸಾಲದು. ಕರಾವಳಿಯ ಬೇಸಿಗೆಯಲ್ಲಂತೂ ಅದು ಬಹಳ ಬಳಲುತ್ತದೆ. ನೀರು ಬಿಸಿಯಾದಂತೆ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ, ಆದರೆ ಮೀನಿಗೆ ಬೇಕಾಗುವ ಆಮ್ಲಜನಕ ಅದೇ ಹೊತ್ತಿಗೆ ಹೆಚ್ಚುತ್ತದೆ. ಬೆಂಗಳೂರು, ಮೈಸೂರಿನ ಕಡೆ ಚಳಿಗಾಲದಲ್ಲಿ ಹೀಟರ್ ಇಡಲು ಮನಸ್ಸಿಲ್ಲದವರು ತಂಪನ್ನು ಸಹಿಸುವ ಜೀಬ್ರಾ ಡ್ಯಾನಿಯೊ ಮೀನುಗಳನ್ನು ಆರಿಸಬಹುದು. ನಮ್ಮ ಉಪಖಂಡದ್ದೇ ಆದ ಈ ಪಟ್ಟೆ ಮೀನು ಸದಾ ಓಡಾಡುವುದರಿಂದ ಅದಕ್ಕೆ ತೊಟ್ಟಿಯ ಎತ್ತರಕ್ಕಿಂತ ಉದ್ದ ಮುಖ್ಯ.

ಇನ್ನು ಗಾತ್ರ. ಅಂಗಡಿಯಲ್ಲಿ ಎರಡು ಅಂಗುಲವಿರುವ ಮೀನು ಎರಡು ಅಂಗುಲದಲ್ಲೇ ನಿಲ್ಲುವುದಿಲ್ಲ. ಗಾಜಿನ ಪಾಚಿ ತಿನ್ನುತ್ತದೆಂದು ತರುವ ಸಕ್ಕರ್ ಮೀನು ಒಂದು ಅಡಿಗೂ ಮೀರಿ ಬೆಳೆಯುತ್ತದೆ. ಶಾರ್ಕ್ ಎಂಬ ಹೆಸರಿನಲ್ಲಿ ಮಾರುವ ಬೆಳ್ಳಿಬಣ್ಣದ ಮರಿ ನಿಜಕ್ಕೆ ಪಂಗಾಸಿಯಸ್ ಎಂಬ ಆಹಾರಮೀನಿನ ಮರಿಯಾಗಿದ್ದು, ಪೂರ್ಣ ಬೆಳೆದಾಗ ಒಂದು ಮೀಟರ್ ದಾಟಬಲ್ಲದು. ಇವನ್ನು ಮೊದಲೇ ತರದಿರುವುದು ಒಳ್ಳೆಯದು. ಬೆಳೆದ ಮೇಲೆ ಕರುಣೆಯಿಂದ ಕೆರೆಗೆ ಬಿಟ್ಟರೆ ಅದು ಇನ್ನೂ ದೊಡ್ಡ ಅನ್ಯಾಯ, ಏಕೆಂದರೆ ಹೀಗೆ ಬಿಟ್ಟ ಸಕ್ಕರ್ ಮೀನುಗಳು ನಮ್ಮ ದೇಶದ ಕೆರೆ, ನದಿಗಳಲ್ಲಿ ಈಗಾಗಲೇ ನೆಲೆಯೂರಿ ಸ್ಥಳೀಯ ಮೀನುಗಳಿಗೆ ಕಂಟಕವಾಗಿವೆ. ಗಾತ್ರದ ಇನ್ನೊಂದು ಮುಖ ಬಾಯಿಯ ಅಳತೆ. ಬೆಳೆದ ಏಂಜಲ್ ಮೀನಿನ ಬಾಯಿಗೆ ನಿಯಾನ್ ಹಿಡಿಸುತ್ತದೆಯಾದ್ದರಿಂದ, ಮರಿಗಳಾಗಿದ್ದಾಗ ಜೊತೆಗಾರರಂತೆ ಇದ್ದವು ಆರೇಳು ತಿಂಗಳಲ್ಲಿ ಬೇಟೆ ಮತ್ತು ಬೇಟೆಗಾರ ಆಗುತ್ತವೆ.

ಪಶ್ಚಿಮ ಘಟ್ಟದ ಡೆನಿಸನ್ ಬಾರ್ಬ್, ಅಂದರೆ ಅಂಗಡಿಯವರು ಮಿಸ್ ಕೇರಳ ಎಂದು ಕರೆಯುವ ಕೆಂಪು ಗೆರೆಯ ಮೀನಿನ ಬಗ್ಗೆಯೂ ಇಲ್ಲಿಯೇ ಹೇಳಬೇಕು. ಮೀನುಗಳ ಅಧ್ಯಯನಕಾರ ಫ್ರಾನ್ಸಿಸ್ ಡೇ 1865ರಲ್ಲಿ ವಿವರಿಸಿದ ಈ ಮೀನು ನಮ್ಮ ನಾಡಿನ ಸಮೀಪದ್ದೆಂಬ ಕಾರಣಕ್ಕೆ ನಮ್ಮ ತೊಟ್ಟಿಗೆ ಸುಲಭವಾಗಿ ಹೊಂದೀತೆಂಬ ಭಾವನೆ ತಪ್ಪು. ಹರಿಯುವ, ಆಮ್ಲಜನಕ ತುಂಬಿದ ತೊರೆಗಳ ಮೀನಾದ ಇದು 15 ಸೆಂಟಿಮೀಟರಿನಷ್ಟು ಬೆಳೆದು ಗುಂಪಾಗಿ ವಾಸಿಸುವುದರಿಂದ ನಾಲ್ಕು ಅಡಿಯ ತೊಟ್ಟಿಗಿಂತ ಕಡಿಮೆಯಲ್ಲಿ ಇಡಬಾರದು. ಅಳಿವಿನಂಚಿನ ಪಟ್ಟಿಯಲ್ಲಿರುವ ಇದನ್ನು ಕೊಳ್ಳುವವರು ಸಾಕಣೆಯಲ್ಲೇ ಹುಟ್ಟಿದ ಮರಿಯೇ ಎಂದು ಕೇಳಿ ತಿಳಿದುಕೊಳ್ಳಬೇಕು.

ಗುಂಪಿನ ಮಹತ್ವ ನನಗೆ ಅರ್ಥವಾದದ್ದು ಟೈಗರ್ ಬಾರ್ಬ್‌ಗಳಿಂದ. ಆರಂಭದಲ್ಲಿ ನಾನು ನಾಲ್ಕು ಟೈಗರ್ ಬಾರ್ಬ್‌ಗಳನ್ನು ಒಂದು ಏಂಜಲ್ ಜೊತೆ ಇಟ್ಟಿದ್ದೆ. ವಾರ ಕಳೆಯುವಷ್ಟರಲ್ಲಿ ಏಂಜಲ್‌ನ ಎದೆಯಡಿಯ ಎಳೆಗಳು ಮೋಟಾಗಿದ್ದವು, ಬಾಲದ ಅಂಚು ಹರಿದಿತ್ತು. ಈ ಬಾರ್ಬ್‌ಗಳು ತಮ್ಮೊಳಗೇ ಮೇಲುಕೀಳಿನ ಶ್ರೇಣಿ ಕಟ್ಟಿಕೊಂಡು ಅದಕ್ಕಾಗಿ ಸದಾ ಒಂದನ್ನೊಂದು ಅಟ್ಟುತ್ತಿರುತ್ತವೆ. ಎಂಟು ಹತ್ತು ಮೀನುಗಳಿದ್ದರೆ ಆ ಅಟ್ಟಾಟ ಗುಂಪಿನೊಳಗೇ ಹಂಚಿಹೋಗುತ್ತದೆ, ನಾಲ್ಕೇ ಇದ್ದರೆ ಅದು ನಿಧಾನವಾಗಿ ಈಜುವ ನೆರೆಯವರತ್ತ ತಿರುಗುತ್ತದೆ. ಗುಂಪು ದೊಡ್ಡದಾದರೂ ಉದ್ದ ರೆಕ್ಕೆಯ ಏಂಜಲ್, ಗೌರಾಮಿ, ಫೈಟರ್‌ಗಳ ಜೊತೆ ಇವನ್ನು ಇಡಬಾರದೆಂಬುದು ನನ್ನ ನಿಲುವು. ತಳದಲ್ಲಿ ಮೇಯುವ ಕೋರಿಡೋರಸ್‌ಗೆ ಕೂಡ ಆರರ ಗುಂಪು ಬೇಕು, ಅದರ ಮೀಸೆ ಸವೆಯದಂತೆ ಚೂಪಾದ ಜಲ್ಲಿಯ ಬದಲು ನಯವಾದ ಮರಳೂ ಬೇಕು. ಪ್ರತಿ ಜಾತಿಗೂ ಆರೆಂಟು ಮೀನುಗಳೆಂದು ಲೆಕ್ಕ ಹಾಕಿದರೆ ಎರಡು ಅಡಿಯ ತೊಟ್ಟಿಯಲ್ಲಿ ಎರಡು ಜಾತಿಗಳಿಗಷ್ಟೇ ಜಾಗವಿರುತ್ತದೆ. ಹತ್ತು ಜಾತಿಗಳಿಂದ ಒಂದೊಂದು ಮೀನನ್ನು ಆರಿಸಿ ತರುವುದು ನೋಡಲು ಬಣ್ಣವಾಗಿರುತ್ತದೆ, ಆದರೆ ಆ ಮೀನುಗಳು ಅಲ್ಲಿ ಒಂಟಿಯಾಗಿ ಹೆದರಿಕೊಂಡೇ ಇರುತ್ತವೆ.

ಗಂಡುಗಳು ತಮ್ಮೊಳಗೇ ಕಾದಾಡುವುದರಿಂದ ಫೈಟರ್ ಗಂಡು ಒಂದು ತೊಟ್ಟಿಗೆ ಒಂದೇ. ಬಣ್ಣದ ಅಗಲ ಬಾಲದ ಗಂಡು ಗಪ್ಪಿಯನ್ನು ಅದು ಪ್ರತಿಸ್ಪರ್ಧಿಯೆಂದು ಭ್ರಮಿಸಿ ಎರಗುವುದುಂಟು.

ಇಷ್ಟನ್ನು ಅನ್ವಯಿಸಿದರೆ, ಕೊಳವೆಬಾವಿಯ ಗಡಸು ನೀರಿರುವ ಮನೆಗೆ ಎಂಟು ಗಂಡು ಗಪ್ಪಿಗಳ ತೊಟ್ಟಿ ಸಾಕು. ಹೆಣ್ಣುಗಳೂ ಬೇಕೆಂದರೆ ಒಂದು ಗಂಡಿಗೆ ಎರಡು ಮೂರು ಹೆಣ್ಣುಗಳಿರಬೇಕು, ಇಲ್ಲದಿದ್ದರೆ ಗಂಡುಗಳು ಬೆನ್ನಟ್ಟಿ ಅವುಗಳನ್ನು ದಣಿಸುತ್ತವೆ. ಮರಿಗಳು ತುಂಬಿಕೊಳ್ಳುವುದಕ್ಕೂ ಆಗ ಸಿದ್ಧರಿರಬೇಕು. ಮೆದು ನೀರಿರುವ ಮನೆಗೆ ಶ್ರೀಲಂಕಾ ಮೂಲದ ಎಂಟು ಚೆರ್ರಿ ಬಾರ್ಬ್‌ಗಳೂ ಒಂದು ಜೋಡಿ ಹನಿ ಗೌರಾಮಿಗಳೂ ನನಗೆ ಅತ್ಯಂತ ಇಷ್ಟವಾದ ಕೂಟ. ಎರಡೂ ಐದು ಸೆಂಟಿಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತವೆ, ಎರಡಕ್ಕೂ ದಟ್ಟ ಗಿಡಗಳು ಪ್ರಿಯ, ಎರಡೂ 24ರಿಂದ 27 ಡಿಗ್ರಿಯಲ್ಲಿ ನೆಮ್ಮದಿಯಾಗಿರುತ್ತವೆ.

ಬಿಡುವ ಕ್ರಮವೂ ಹೊಂದಾಣಿಕೆಯ ಭಾಗವೇ. ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ನೆಲೆಗೊಂಡು, ತ್ಯಾಜ್ಯ ಮತ್ತು ಕೊಳೆತ ಮೇವಿನಿಂದ ಹುಟ್ಟುವ ವಿಷವಾದ ಅಮೋನಿಯಾವನ್ನು ನೈಟ್ರೈಟಾಗಿ, ನೈಟ್ರೈಟನ್ನು ನೈಟ್ರೇಟಾಗಿ ಮಾರ್ಪಡಿಸಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೊದಲೆರಡರ ಅಳತೆ ಸೊನ್ನೆಗೆ ಇಳಿದ ಮೇಲೆಯೇ ಮೀನು ತರಬೇಕು. ಪಿಎಚ್ ಹೆಚ್ಚಿರುವ ನೀರಿನಲ್ಲಿ ಅಮೋನಿಯಾದ ವಿಷ ತೀವ್ರವಾಗುವುದರಿಂದ ಕೊಳವೆಬಾವಿಯ ನೀರಿನವರು ಇಲ್ಲಿ ಆತುರಪಡಲೇಬಾರದು. ಪುಕ್ಕಲು ಸ್ವಭಾವದವನ್ನು ಮೊದಲು ಬಿಟ್ಟು, ಜಾಗ ಹಿಡಿಯುವ ಗೌರಾಮಿಯಂತಹವನ್ನು ಕೊನೆಯಲ್ಲಿ ಬಿಟ್ಟರೆ, ಇಡೀ ತೊಟ್ಟಿ ತನ್ನದೆಂದು ಯಾವ ಮೀನೂ ಭಾವಿಸುವ ಅವಕಾಶವಿರುವುದಿಲ್ಲ. ಮೊದಲ ವಾರ ಮೇವು ಹಾಕುವಾಗ ಯಾವ ಮೀನು ಮುಂದೆ ಬರುತ್ತಿಲ್ಲವೆಂದು ದಿನವೂ ಗಮನಿಸಬೇಕು. ಒಂದೇ ಮೀನು ಮೂಲೆಯಲ್ಲಿ ಮೇವು ಬಿಟ್ಟು ನಿಂತಿದ್ದರೆ ಕಲ್ಲು, ಗಿಡಗಳ ಜಾಗವನ್ನು ಬದಲಿಸಿ ನೋಡಬೇಕು. ಎರಡು ದಿನದಲ್ಲಿ ಸರಿಹೋಗದಿದ್ದರೆ ಆ ಮೀನನ್ನು ಇರಿಸಲು ಫಿಲ್ಟರ್ ಸಹಿತ ಇನ್ನೊಂದು ಸಣ್ಣ ತೊಟ್ಟಿ ಮೊದಲೇ ಸಿದ್ಧವಾಗಿರಬೇಕು.